ನಾನು ಮುಚ್ಚಿದ ನಳ

ಆಗ ನನಗೆ ಐವತ್ತೆಂಟು. ಇದು ನಡೆದು ಒಂಬತ್ತು ವರ್ಷವಾಯಿತು. ಅಲ್ಲಿಯವರೆಗೆ ಇಂಥದ್ದನ್ನು ಯಾರು ಹೇಳಿದರೂ ನಗುತ್ತಿದ್ದೆ. ನಮ್ಮ ಭಂಕೂರಿನ ಕಲ್ಲುಗಣಿಯಲ್ಲಿ ನಡುಮಧ್ಯಾಹ್ನ ಯಾರೋ ಹೆಸರು ಹಿಡಿದು ಕರೆದರೆಂದು ಹೆಂಗಸರು ಹೆದರಿದರೆ, ಹೊಟ್ಟೆಗೆ ಎರಡು ರೊಟ್ಟಿ ಹಾಕಿಕೊಳ್ಳಿ, ಕರೆಯುವುದು ನಿಲ್ಲುತ್ತದೆ ಎನ್ನುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಗಬಹುದು. ಅಕ್ಷರ ಕಲಿತದ್ದು ಮುದುಕಿಯಾದ ಮೇಲೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಕಸ ಗುಡಿಸುತ್ತಿದ್ದೆ. ಕಲ್ಲು ಅರೆಯುವ ಮಿಲ್ಲಿನ ಪಕ್ಕದ ಎಣ್ಣೆ ಕೋಣೆ ನನ್ನ ಪಾಲಿನದು. ಅಲ್ಲಿ ಆಳೆತ್ತರದ ಕಬ್ಬಿಣದ ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ಅಕ್ಯುಮುಲೇಟರ್ ಎನ್ನುತ್ತಾರೆ. ಒಳಗೊಂದು ರಬ್ಬರ್ ಚೀಲ, ಚೀಲದ ತುಂಬ ಗ್ಯಾಸು. ಪಂಪು ಎಣ್ಣೆ ನೂಕಿದರೆ ಚೀಲ ಮುದುಡಿಕೊಂಡು ಕೂರುತ್ತದೆ, ಹೊರಗೆ ದಾರಿ ಸಿಕ್ಕರೆ ಎಣ್ಣೆಯನ್ನು ತಿರುಗಿ ಒದೆಯುತ್ತದೆ.

ಇದನ್ನೆಲ್ಲ ಹೇಳಿಕೊಟ್ಟವನು ಫಿಟ್ಟರ್ ಮಸ್ತಾನ, ಸುಲೇಪೇಟದವನು. "ಮೋಟರ್ ಬಂದ್ ಆಯ್ತಂದ್ರ ಇದು ಸತ್ತದಂತ ತಿಳಿಬ್ಯಾಡ ಆಯಿ. ಉಸಿರು ಹಿಡಕೊಂಡು ಕುಂತಿರ್ತದ, ನಿನ್ನಂಗೇ," ಎನ್ನುತ್ತಿದ್ದ. ರಿಪೇರಿಗೆ ಮೊದಲು ಕೆಳಗಿನ ಸಣ್ಣ ನಳ ತೆರೆದು ಎಣ್ಣೆ ಇಳಿಸುತ್ತಿದ್ದ. ಮೀಟರಿನ ಮುಳ್ಳು ಸೊನ್ನೆಗೆ ಬರಬೇಕು. ಕೆಲಸ ಮುಗಿಯುವವರೆಗೆ ಆ ನಳ ತೆರೆದೇ ಇರಬೇಕು. ಕೆಂಪು ಚೀಟಿ ಕಟ್ಟಿ, ಕೊನೆಗೆ ನಟ್ಟು ಬಿಚ್ಚುವ ಪಾನಾದಿಂದ ಮೂರು ಸಲ ಬಡಿದು, "ಮಲಗೀಯೇನಪ್ಪ?" ಎಂದು ಸಿಲಿಂಡರನ್ನು ಕೇಳಿ ಕೈ ಹಾಕುತ್ತಿದ್ದ.

ಒಂದು ದಿನ ಹಾಗೇ ನಳ ತೆರೆದು, ಚೀಟಿ ಕಟ್ಟಿ, ಊಟಕ್ಕೆ ಹೋದ. ನಾನು ನೆಲ ಒರೆಸಲು ಬಂದೆ. ನಳ ತೊಟ್ಟಿಕ್ಕುತ್ತಿತ್ತು, ಒರೆಸಿದಲ್ಲೇ ಮತ್ತೆ ಎಣ್ಣೆ. ನೀರಿಗೆ ಸಾಲು ನಿಂತು ಬೆಳೆದವಳು ನಾನು, ತೆರೆದ ನಳ ಕಂಡರೆ ಕೈ ಸುಮ್ಮನಿರುವುದಿಲ್ಲ. ಮುಚ್ಚಿದೆ. ಕೆಂಪು ಚೀಟಿ ಇದ್ದಲ್ಲಿ ಏನೂ ಮುಟ್ಟಬಾರದೆಂದು ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿದೆ.

ಅದೇ ಹೊತ್ತಿನಲ್ಲಿ ಯಾರೋ ಪಂಪು ಚಾಲೂ ಮಾಡಿ ನೋಡಿದರು. ಪಂಪಿಗೂ ಸಿಲಿಂಡರಿಗೂ ನಡುವೆ ಮುಚ್ಚಿದ್ದ ವಾಲ್ವು ಸೋರಿ ಸಿಲಿಂಡರಿಗೆ ಎಣ್ಣೆ ತುಂಬಿತು. ಮಸ್ತಾನ ಉಂಡು ಬಂದು, ತಾನೇ ತೆರೆದ ನಳವೆಂಬ ಧೈರ್ಯದಿಂದ, ಮತ್ತೆ ಮೀಟರ್ ನೋಡದೆ ಪೈಪು ಸಡಿಲಿಸಿದ. ಎಣ್ಣೆ ರಭಸದಿಂದ ಚಿಮ್ಮಿತು. ಅಂಗೈಯಲ್ಲಿ ಸೂಜಿ ಚುಚ್ಚಿದಷ್ಟೇ ಗುರುತು. ಆ ತೂತಿನಿಂದ ಎಣ್ಣೆ ಒಳಗೆ ಹೊಕ್ಕಿತ್ತು. ನಾಲ್ಕನೇ ದಿನ ಕಲಬುರಗಿಯಲ್ಲಿ ಬಲಗೈ ತೆಗೆದರು.

ಅವನೇ ನಳ ತೆರೆಯಲು ಮರೆತನೆಂದು ತೀರ್ಮಾನವಾಯಿತು. ಕೆಲಸ ಬಿಡಿಸಿದರು. ಸಾಮಾನು ಒಯ್ಯಲು ಬಂದಾಗ ನನ್ನನ್ನೇ ಕೇಳಿದ: "ನಾ ತೆರದಿದ್ದೆ ಅನಸ್ತದ ಆಯಿ. ಇಲ್ಲೇನು ಮತ್ತ?" ನಾನು ಬಕೆಟ್ಟು ಎತ್ತಿಕೊಂಡು ಹೋದೆ. ಕೆಲಸ ಹೋಗುತ್ತದೆಂಬ ಹೆದರಿಕೆ. ಬೇರೆ ಕಾರಣವಿಲ್ಲ.

ವರ್ಷದ ಮೇಲೆ ಮತ್ತೆ ಮಿಲ್ಲು ನಿಲ್ಲಿಸಿದರು. ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದರು. ಕೋಣೆಯಲ್ಲಿ ನಾನೊಬ್ಬಳೇ. ಕೊನೆಯ ಸಿಲಿಂಡರಿನಿಂದ ಟಣ್, ಟಣ್, ಟಣ್. ಸ್ವಲ್ಪ ತಡೆದು ಮತ್ತೆ ಮೂರು. ಅದೇ ಬಡಿತ, ಅದೇ ಗತಿ. ಹಿಂದೆ ಹೋಗಿ ನೋಡಿದೆ, ಗೋಡೆ ಬಿಟ್ಟರೆ ಏನೂ ಇಲ್ಲ. ಕೈ ಇಟ್ಟೆ. ನನ್ನ ಅಂಗೈ ಕೆಳಗೇ ಮೂರು ಸಲ ಬಡಿಯಿತು.

ಹೊಸ ಫಿಟ್ಟರ್ ಶಿವರಾಜ ಬಂದು ಅದೇ ಸಿಲಿಂಡರಿಗೆ ಪಾನಾ ಹಚ್ಚಿದ. ನಾನು ಅವನ ರಟ್ಟೆ ಹಿಡಿದೆ.

"ಬಿಡಬೇ ಆಯಿ! ನಳ ತೆಗದೀನಿ. ಮೀಟರ್ ಸೊನ್ನಿ ತೋರಸಲಿಕತ್ತದ. ನಿನಗ ಓದಲಿಕ್ಕ ಬರ್ತದೇನು?"

"ಬರಲ್ಲ. ಬ್ಯಾರೆ ಮೀಟರ್ ಹಚ್ಚಿ ನೋಡು. ಇಲ್ಲಂದ್ರ ಮೊದಲು ನನ್ನ ಕೈ ಮುರಿ."

ಗೊಣಗುತ್ತಲೇ ಬೇರೆ ಮೀಟರ್ ಜೋಡಿಸಿದ. ಮುಳ್ಳು ಜಿಗಿದು ಮೇಲೆ ನಿಂತಿತು. ಹಳೆಯದು ಸೊನ್ನೆಯಲ್ಲೇ ಸಿಕ್ಕಿಹಾಕಿಕೊಂಡಿತ್ತು, ತೆರೆದ ನಳದ ಬಾಯಿಗೆ ಕಸ ಕಟ್ಟಿತ್ತು. ಶಿವರಾಜ ಪಾನಾ ಕೆಳಗಿಟ್ಟ.

ಕಬ್ಬಿಣ ತಣ್ಣಗಾಗುವಾಗ ಸಪ್ಪಳ ಮಾಡುತ್ತದೆಂದು ಇಂಜಿನಿಯರ್ ಸಾಹೇಬರು ಹೇಳಿದರು. ಇರಬಹುದು. ಎಣಿಸಿ ಮೂರೇ ಸಲ ಬಡಿಯುತ್ತದೆಯೇ ಎಂದು ಕೇಳಿದೆ. ಮಸ್ತಾನ ಸತ್ತಿದ್ದರೆ ದೆವ್ವ ಎಂದಾದರೂ ಅನ್ನಬಹುದಿತ್ತು. ಅವನು ಬದುಕಿದ್ದ, ಸುಲೇಪೇಟದಲ್ಲಿ ತಮ್ಮನ ಕಿರಾಣಿ ಅಂಗಡಿಯಲ್ಲಿ ಕೂರುತ್ತಿದ್ದ. ಬಡಿದದ್ದು ಯಾರು, ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಲಿಲ್ಲ. ಸೇಡಂನಲ್ಲಿ ಬಸ್ಸು ಬದಲಿಸಿ ಸುಲೇಪೇಟಕ್ಕೆ ಹೋದೆ. ಮಸ್ತಾನ ಎಡಗೈಯಿಂದ ಸಕ್ಕರೆ ತೂಗುತ್ತಿದ್ದ. ನನ್ನನ್ನು ಕಂಡು ನಕ್ಕ. "ಬಾ ಆಯಿ, ಕುಂದ್ರು. ಚಾ ಕುಡಿ."

"ಕುಂದ್ರಲ್ಲ," ಎಂದೆ. "ನೀ ನಳ ತೆರದಿದ್ದಿ ಮಸ್ತಾನ. ಮುಚ್ಚಿದಾಕಿ ನಾ."