ಮುತ್ತುಗದ ಬಣ್ಣದ ರಿಬ್ಬನ್

ಕಿರ್ರೆಂದು ಗಾಳದ ರೀಲು ಬಿಚ್ಚಿಕೊಳ್ಳುವ ಆ ಸದ್ದು, ಶಹಾಬಾದ್ ದಾಟಿ ರೈಲು ಕಾಗಿಣಾ ಹೊಳೆಯ ಸೇತುವೆಯ ಮೇಲೆ ನಿಧಾನವಾದಾಗ ಇಂದು ಮತ್ತೆ ಕೇಳಿದಂತಾಯಿತು. ನಿಜಾಮರ ಕಾಲದಲ್ಲಿ ಹೈದರಾಬಾದಿನ ಕಾನ್ವೆಂಟಿನಿಂದ ನಾಲ್ಕು ದಿನದ ರಜೆಗೆ, ಅಪ್ಪ ನೌಕರಿಯಲ್ಲಿದ್ದ ಇಲ್ಲಿಗೆ ಬಂದಿದ್ದೆ. ಚಳಿ ಮುಗಿಯುತ್ತಿತ್ತು, ಹೊಳೆ ಗಾಜಿನಷ್ಟು ಕ್ಲಿಯರ್ ಆಗಿತ್ತು. ಅಪ್ಪನ ಮೇಲಧಿಕಾರಿ, ಇಂಗ್ಲಿಷ್ ಸಾಹೇಬರು, ಮೀನಿಗೆ ಆಸೆ ತೋರಿಸಲು ಪುಕ್ಕದಿಂದ ಮಾಡಿದ ಹುಸಿ ನೊಣ ‘ಫ್ಲೈ’ಯನ್ನು ಬೆಳಗಿನಿಂದ ಎಸೆದೆಸೆದು ಸೋತಿದ್ದರು.

“ಸಾಹೇಬ್ರ ಪುಕ್ಕದ ನೊಣ ನೋಡಿ ಮೀನ ನಗಲಿಕತ್ತಾವ ಬೇಟಿ,” ಎಂದರು ಅಲ್ಲೇ ಮೀನು ಹಿಡಿಯುತ್ತಿದ್ದ ಹುಸೇನ್ ಚಾಚಾ. “ಈಗ ಅವಕ್ಕ ನೀರಿಗಿ ಬೀಳೋ ಮುತ್ತುಗದ ಹೂವೇ ಬೇಕು. ನಿನ್ನ ಜಡಿ ರಿಬ್ಬನ್ ಅದೇ ಬಣ್ಣ ಅದ, ಕೊಡು.”

ಅದು ಯೂನಿಫಾರ್ಮಿನ ರಿಬ್ಬನ್. ಕಳೆದರೆ ಸಿಸ್ಟರ್ ಬೆತ್ತ ಹಿಡಿಯುವುದು ಗ್ಯಾರಂಟಿ. ಆದರೂ ಬಿಚ್ಚಿಕೊಟ್ಟೆ.

ಚಾಚಾ ಅದನ್ನು ಸಾಹೇಬರ ಗಾಳದ ಕೊಕ್ಕೆಗೆ ಕಟ್ಟಿದರು, ಸಾಹೇಬರು ಎಸೆದರು. ಅದು ನೀರು ಮುಟ್ಟಿತೋ ಇಲ್ಲವೋ, ನನ್ನ ತೋಳಿನಷ್ಟುದ್ದದ ಬಂಗಾರದ ಮೀನೊಂದು ಮೇಲೆ ಹಾರಿ, ಬಿಸಿಲಿನಲ್ಲಿ ಒಂದು ಸೆಕೆಂಡ್ ನಿಂತೇಬಿಟ್ಟಿತು. ರೀಲು ಕಿರುಚಿತು, ದಾರ ಕಡಿದುಹೋಯಿತು, ಮೀನು ರಿಬ್ಬನ್ ಸಮೇತ ಹೋಯಿತು. ಸಾಹೇಬರು ಚರ್ಚಿನಲ್ಲಿ ನಿಂತವರಂತೆ ಹ್ಯಾಟು ತೆಗೆದರು.

ಚಾಚಾ ಮಾತ್ರ ನನ್ನ ಬಿಚ್ಚಿದ ಜಡೆ ನೋಡಿದರು. “ಸಿಸ್ಟರಮ್ಮ ಹೊಡೀತಾರೇನು ಬೇಟಿ?”

“ಹೂಂ ಚಾಚಾ.”

ಅವರನ್ನು ಕೊನೆಯ ಬಾರಿ ಕಂಡದ್ದು ಮರುದಿನ ಹೈದರಾಬಾದಿಗೆ ಮರಳುವಾಗ, ಇದೇ ಸೇತುವೆಯ ಮೇಲಿನಿಂದ. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ, ಒಂದೊಂದೇ ಕಲ್ಲಿನ ಸಂದಿಗೆ ಕೈಹಾಕಿ ಹುಡುಕುತ್ತಿದ್ದರು.