ಚಪ್ಪಾಳೆ ಕ್ಲಾಸು

ಫ್ಯಾಕ್ಟರಿಗಳೇ ತುಂಬಿದ ವಾಗ್ಳೆ ಎಸ್ಟೇಟಿನಲ್ಲಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿದೆ. ಹೊರಗೆ ನಿಂತು ಕೇಳಿದರೆ ಒಳಗೆ ಯಾರಿಗೋ ಸನ್ಮಾನ ನಡೆಯುತ್ತಿದೆ ಅನ್ನಿಸಬೇಕು. ಯಾರು ಎದ್ದು ಎರಡು ಮಾತಾಡಿದರೂ ಚಪ್ಪಾಳೆ, ಏನು ಮಾತಾಡಿದರೂ ‘ಸೂಪರ್ಬ್’. ಮನೆಗೆ ಹೊರಡುವ ಮುಂಚೆ ಬಾಗಿಲಲ್ಲಿ ಮೊಬೈಲ್ ತೆಗೆದು ಟೀಚರಿಗೆ ಸ್ಟಾರ್ ಕೊಡಬೇಕು. ಸ್ಟಾರ್ ಕಡಿಮೆ ಬಿದ್ದವರ ಬ್ಯಾಚು ಇನ್ನೊಬ್ಬರ ಪಾಲು. ಇದಕ್ಕೆ ಕಲಿಸುವುದು ಅಂತ ಹೆಸರು! ಬಡವರ ಬೆನ್ನು ಸವರುತ್ತ ಜೇಬಿಗೆ ಕೈಹಾಕುವ ಈ ಕಸುಬು ನೋಡಿದರೆ ವಾಕರಿಕೆ ಬರುತ್ತದೆ.

ಆ ಕ್ಲಾಸಿನಲ್ಲಿ ಜಯಲತಾ ಎಂಬುವರಿದ್ದರು. ಉಡುಪಿ ಕಡೆಯವರು, ಮದುವೆಯಾಗಿ ಡೊಂಬಿವಲಿಗೆ ಬಂದವರು. ಆಫೀಸೊಂದರಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪತ್ರ ಬರೆದು, ಆ ಆಫೀಸು ಮುಚ್ಚಿದ ಮೇಲೆ ಟೀಚರ್ ಆದರು. ಮಾತಾಡುವವರನ್ನು ಅವರು ನಡುವೆ ತಡೆಯುತ್ತಿರಲಿಲ್ಲ. ಪೂರ್ತಿ ಕೇಳಿ, ತಮಗೆ ಏನು ಅರ್ಥವಾಯಿತೋ ಅದನ್ನು ಮೊದಲು ಹೇಳುವರು. ರಾಶಿ ತಪ್ಪುಗಳಿದ್ದರೂ ಕೇಳುವವರ ದಾರಿ ತಪ್ಪಿಸುವ ಒಂದನ್ನೇ ಆರಿಸಿ, ಅದನ್ನು ಕಲಿಯುವವರ ಬಾಯಿಂದಲೇ ಸರಿ ಮಾಡಿಸುವರು. ಸರಿಯಾದರೆ ‘ದೆನ್?’ ಎಂದು ಮುಂದಕ್ಕೆ ತಳ್ಳುವರು. ಚಪ್ಪಾಳೆ ಮಾತ್ರ ಇಲ್ಲ.

ಅವರ ಬ್ಯಾಚಿಗೆ ನಾಗವೇಣಿ ಬಂದಳು. ಕಲಬುರಗಿಯ ಹೆಣ್ಣುಮಗಳು, ಮನೆ ವಿಠ್ಠಲವಾಡಿಯಲ್ಲಿ, ಅದೇ ಎಸ್ಟೇಟಿನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಅಲ್ಲಿ ಸೂಪರ್‌ವೈಸರ್ ಜಾಗ ಖಾಲಿಯಾಗುವುದಿತ್ತು. ಅವಳಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು. ಇಂಟರ್‌ವ್ಯೂ ಮಾತ್ರ ಇಂಗ್ಲಿಷಿನಲ್ಲಿ. ಹಿಂದೆ ಬೇರೊಬ್ಬ ಸರ್ ಬ್ಯಾಚಿನಲ್ಲಿ ತನ್ನ ಪರಿಚಯದ ಮಾತುಗಳನ್ನು ಬಾಯಿಪಾಠ ಮಾಡಿ ದಿನವೂ ಚಪ್ಪಾಳೆ ಗಿಟ್ಟಿಸಿದ್ದಳು. ಇಲ್ಲೂ ಅದನ್ನೇ ಗಡಗಡ ಒಪ್ಪಿಸಿ ಮುಗುಳ್ನಕ್ಕು ನಿಂತಳು.

‘ದೆನ್?’ ಎಂದರು ಜಯಲತಾ. ‘ನಿಮ್ಮಲ್ಲಿ ಮಷೀನು ನಿಂತ್ರೆ ಎಂತ ಮಾಡ್ತೀರಿ? ಅದನ್ನು ಹೇಳಿ ನೋಡುವ.’

ನಾಗವೇಣಿ ತಡವರಿಸುತ್ತ ಏನೋ ಹೇಳಿದಳು. ಹಿಂದಿನ ದಿನ ನಿಂತು ಆಗಲೇ ರಿಪೇರಿಯಾಗಿದ್ದ ಮಷೀನು ಅವಳ ಇಂಗ್ಲಿಷಿನಲ್ಲಿ ಇನ್ನೂ ನಿಂತೇ ಇತ್ತು. ಜಯಲತಾ ಅದೊಂದನ್ನೇ ತೋರಿಸಿ ಇನ್ನೊಮ್ಮೆ ಹೇಳಲು ಕೇಳಿದರು. ನಾಗವೇಣಿಗೆ ಸಿಟ್ಟು ಬಂತು.

‘ಆ ಸರ್ ಎಲ್ಲಾ ಬರೋಬರ್ ಅದ ಅಂತಿದ್ರು. ನಿಮಗೊಬ್ಬರಿಗೇ ಹ್ಯಾಂಗ ತಪ್ಪು ಕಾಣತಾವ್ರಿ ಮೇಡಂ?’

ಕ್ಲಾಸು ಕಿಸಕ್ಕೆಂದಿತು. ಅವಳು ಹೋಗುವಾಗ ಬಾಗಿಲಲ್ಲಿ ಒಂದೇ ಸ್ಟಾರ್ ಒತ್ತಿದಳು, ಅವಳನ್ನು ನೋಡಿ ಉಳಿದವರೂ ಒತ್ತಿದರು. ಕ್ಲಾಸಿನ ಮಾಲೀಕ ರಘುಪತಿ ಜಯಲತಾ ಅವರನ್ನು ಕರೆಸಿದ. ಜನ ದಿನವಿಡೀ ಫ್ಯಾಕ್ಟರಿಯಲ್ಲಿ ಬೈಸಿಕೊಂಡು ಬರುತ್ತಾರೆ, ಇಲ್ಲಾದರೂ ಖುಷಿಯಾಗಿರಲಿ ಎಂದ. ಕರುಣೆಯ ವೇಷದಲ್ಲಿ ಎಂಥ ಮೋಸ!

‘ಇಲ್ಲಿ ನಾವು ಹೇಳದಿದ್ರೆ ಅಲ್ಲಿ ಬೇರೆಯವರು ಹೇಳ್ತಾರೆ ಮಾರಾಯ್ರೆ,’ ಎಂದರು ಜಯಲತಾ. ‘ಆಗ ಸರಿ ಮಾಡ್ಲಿಕ್ಕೆ ಟೈಮ್ ಇರುದಿಲ್ಲ.’

ಬ್ಯಾಚು ಕೈತಪ್ಪಿತು. ಅವರು ಕೆಲಸ ಬಿಟ್ಟು, ಡೊಂಬಿವಲಿಯ ಮನೆಯಲ್ಲೇ ನಾಲ್ಕಾರು ಹೆಂಗಸರಿಗೆ ಹೇಳಿಕೊಡತೊಡಗಿದರು. ಇಂಟರ್‌ವ್ಯೂ ಮುಗಿದು ತಿಂಗಳಾದ ಮೇಲೆ ಒಂದು ಭಾನುವಾರ ವಿಳಾಸ ಹುಡುಕಿಕೊಂಡು ನಾಗವೇಣಿ ಅಲ್ಲಿಗೇ ಬಂದಳು. ಕೂತವಳೇ ಇಂಟರ್‌ವ್ಯೂ ಮಾತು ತೆಗೆದಳು.

‘ನಂದು ಹೇಳೋದು ಮುಗೀತ್ರಿ ಅಕ್ಕಾರ. ನಕ್ಕೋತ ಕುಂತೆ. ಅವರೂ ನನ್ನ ಮಾರಿ ನೋಡ್ಕೋತ ಕುಂತ್ರು. ನಾ ಚಪ್ಪಾಳಿ ಹೊಡೀತಾರಂತ ಕಾಯಕತ್ತಿದ್ದೆ.’

ಚಪ್ಪಾಳೆ ಬರಲಿಲ್ಲ. ಅವರಲ್ಲೊಬ್ಬರು ಪ್ಯಾಕಿಂಗ್ ಲೈನ್ ನಿಂತರೆ ಏನು ಮಾಡುತ್ತೀರಿ ಎಂದು ಕೇಳಿದರು. ದಿನಾ ಮಾಡುವ ಕೆಲಸ, ಬಾಯಿಗೆ ಒಂದು ಮಾತೂ ಬರಲಿಲ್ಲ. ಜಾಗ ಇನ್ನೊಬ್ಬರಿಗೆ ಹೋಯಿತು. ಅದಾದ ಮೇಲೂ ಕ್ಲಾಸಿನ ಬಾಗಿಲಲ್ಲಿ ಬ್ಯಾನರ್ ಏರಿತು: ‘ನಮ್ಮ ಹೆಮ್ಮೆ’ ಎಂದು ನಾಗವೇಣಿಯ ಫೋಟೊ, ಚಪ್ಪಾಳೆ ಬಿದ್ದ ದಿನದ ನಗು. ಇಳಿಸಿರಿ ಎಂದು ಕೇಳಲು ಹೋದರೆ ರಘುಪತಿ ಅವಳಿಗೆ ಮುಂದಿನ ಲೆವೆಲ್ಲಿನ ಫೀಸು ಹೇಳಿದ. ಈಗ ಅವಳು ಡ್ಯೂಟಿಗೆ ಹೋಗುವಾಗ ಆ ಬ್ಯಾನರಿನ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಸೋತವಳ ನಗುವನ್ನೂ ಬಾಗಿಲಿಗೆ ನೇತುಹಾಕಿ ಮಾರುವವರಿಗೆ ಏನನ್ನಬೇಕು?

ಜಯಲತಾ ಹಳೆಯದನ್ನು ಎತ್ತಲಿಲ್ಲ. ಚಹಾ ಕೊಟ್ಟು, ‘ಆ ಮಷೀನಿನ ಕತೆ ಅರ್ಧಕ್ಕೇ ಬಿಟ್ಟಿದ್ರಲ್ಲ, ಹೇಳಿ,’ ಎಂದರು.

ನಾಗವೇಣಿ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಎಡವಿದಳು, ನಿಂತಳು, ಮತ್ತೆ ಹೊರಟಳು. ಜಯಲತಾ ತುಟಿ ಬಿಚ್ಚದೆ ಕೇಳಿದರು. ಬೆಲ್ಟು ಸಿಕ್ಕಿಕೊಂಡದ್ದು, ಇವಳು ಸ್ವಿಚ್ ಆರಿಸಿದ್ದು, ಎಲ್ಲ ಅರ್ಥವಾಯಿತು ಎಂದು ಹೇಳಿ, ಅದೇ ಹಳೆಯ ತಪ್ಪಿಗೆ ಬೆರಳಿಟ್ಟರು. ನಾಗವೇಣಿ ಇನ್ನೊಮ್ಮೆ ಹೇಳಿದಳು. ಈ ಸಲ ಮಷೀನು ಅವಳ ಇಂಗ್ಲಿಷಿನಲ್ಲೂ ಆ ದಿನವೇ ನಿಂತಿತ್ತು, ಇವತ್ತಲ್ಲ. ಹೇಳಿ ಮುಗಿಸಿದವಳ ಕಣ್ಣು ಅಭ್ಯಾಸಬಲದಿಂದ ಜಯಲತಾ ಅವರ ಕೈಗಳ ಕಡೆ ಹೋಯಿತು. ಕೈಗಳು ಮಡಿಲಲ್ಲೇ ಇದ್ದವು.

‘ದೆನ್?’

ನಾಗವೇಣಿ ಚಹಾದ ಲೋಟ ಕೆಳಗಿಟ್ಟು, ಮೆಕ್ಯಾನಿಕ್ಕನ್ನು ಕರೆಸಿದ್ದನ್ನು ಹೇಳತೊಡಗಿದಳು.