ತೊಟ್ಟಿಲ ಕಿಟ್ಟಿಗೆ ಸೇರಿದ ಗಿಲಕಿ

ನಮ್ಮ ಕಾರ್ಖಾನೆಯಲ್ಲಿ ಒಂದು ಗಂಡ ಹೆಂಡತಿ ಜೋಡಿಯಿದೆ. ಬೆಳಗ್ಗೆ ಒಂದೇ ಸ್ಕೂಟರಿನಲ್ಲಿ ಬರುತ್ತಾರೆ. ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಮುಖಪರಿಚಯವೂ ಇಲ್ಲದವರಂತೆ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಎಡಕ್ಕೆ ಹೋಗುವವರು ಅಕ್ಕ, ಸ್ಟೋರಿನ ಒಡತಿ. ಬಲಕ್ಕೆ ಹೋಗುವವರು ಭಾವ, ಮರ ಕಡೆಯುವ ಲೇತಿನ ಮುಂದೆ ನಿಂತೇ ತಲೆ ಹಣ್ಣು ಮಾಡಿಕೊಂಡವರು. ಇಬ್ಬರೂ ನನಗೆ ನಂಟರಲ್ಲ. ಆದರೆ ಅಕ್ಕನನ್ನು ಅಕ್ಕ ಎಂದಮೇಲೆ ಅವರ ಗಂಡನನ್ನು ಭಾವ ಎನ್ನದೆ ಬೇರೆ ದಾರಿಯಿಲ್ಲವಲ್ಲ. ನಾನು ಬಿಲ್ಲು ಬರೆಯುವವನು. ನನ್ನ ಮೇಜು ಸ್ಟೋರಿನ ಕಿಟಕಿಯ ಎದುರಿಗೇ ಇರುವುದರಿಂದ ಅವರ ಸಂಸಾರವನ್ನು ಟಿಕೆಟ್ಟಿಲ್ಲದೆ ನೋಡುವ ಭಾಗ್ಯ ನನ್ನದು.

ಭಾವ ಆ ಕಿಟಕಿಗೆ ಬಂದು ಮರಳು ಕಾಗದ ಕೇಳಿದರೆ ಅಕ್ಕ ತಲೆಯನ್ನೂ ಎತ್ತದೆ, "ಚೀಟಿ?" ಎನ್ನುತ್ತಾರೆ.

"ಚೀಟಿ ಮರೆತೆ ಕಣೇ."

"ಕಣೇ ಗಿಣೇ ಎಲ್ಲ ಮನೇಲಿ. ಚೀಟಿ ತನ್ನಿ, ಕಾಗದ ತಗೊಳ್ಳಿ."

ಭಾವ ಗೊಣಗುತ್ತಾ ಅಂಗಳ ದಾಟಿ ಹೋಗಿ ಚೀಟಿ ಬರೆಸಿಕೊಂಡು ಬರುತ್ತಾರೆ. ಇಬ್ಬರಿಗೂ ಇದರಲ್ಲಿ ಎಂಥದೋ ಸುಖವಿದೆ ಎಂಬುದು ನನಗೆ ಗೊತ್ತಾಗಲು ವರ್ಷಗಳೇ ಬೇಕಾದವು.

ನಾವು ಮಾಡುವುದು ಮಕ್ಕಳ ಸಾಮಾನು: ತೊಟ್ಟಿಲು, ಊಟದ ಕುರ್ಚಿ, ಗಾಲಿಯಿರುವ ನಡೆಗಾಡಿ. ಎಲ್ಲವೂ ಬಿಡಿ ಬಿಡಿಯಾಗಿ ಪೆಟ್ಟಿಗೆಯಲ್ಲಿ ಹೋಗುತ್ತವೆ, ಕೊಂಡವರು ಮನೆಯಲ್ಲಿ ಜೋಡಿಸಿಕೊಳ್ಳಬೇಕು. ಆದರೆ ತೊಟ್ಟಿಲಿನ ಪೆಟ್ಟಿಗೆಯಲ್ಲಿ ಮಾತ್ರ ಬೆಲೆಪಟ್ಟಿಯಲ್ಲಿಲ್ಲದ ಒಂದು ಸಾಮಾನು ಇರುತ್ತದೆ. ಅದು ಭಾವನ ಗಿಲಕಿ. ಉಳಿದ ತುಂಡು ಮರದಲ್ಲಿ ಕಡೆದದ್ದು. ಸಣ್ಣ ಹಿಡಿ, ಅದರ ಸುತ್ತ ಎರಡು ಸಡಿಲ ಬಳೆ. ಹಿಡಿಯೂ ಬಳೆಯೂ ಒಂದೇ ಮರದ ತುಂಡಿನಿಂದ ಬಂದವು, ಆದ್ದರಿಂದ ಬಳೆ ಎಷ್ಟು ಆಡಿಸಿದರೂ ಟಕಟಕ ಎನ್ನುತ್ತದೆಯೇ ಹೊರತು ಕಳಚಿಕೊಳ್ಳುವುದಿಲ್ಲ. ಭಾವನ ಮಗಳು ಹುಟ್ಟಿದ ಹೊಸತರಲ್ಲಿ ಸೂರು ಹಾರಿಹೋಗುವಂತೆ ಅಳುತ್ತಿದ್ದಳಂತೆ. ಅವಳನ್ನು ಸುಮ್ಮನಾಗಿಸಲು ಒಂದನ್ನು ಕಡೆದರು. ಮಗಳು ನಕ್ಕಳು. ಅದೇ ಖುಷಿಯಲ್ಲಿ ಮರುದಿನ ಇನ್ನೊಂದನ್ನು ಕಡೆದು ಯಾರದೋ ತೊಟ್ಟಿಲಿನ ಪೆಟ್ಟಿಗೆಗೆ ಹಾಕಿದರು. ಆ ಮಗಳು ಈಗ ಕೆಲಸಕ್ಕೆ ಹೋಗುತ್ತಾಳೆ. ಗಿಲಕಿ ಇನ್ನೂ ನಿಂತಿಲ್ಲ.

ಟೀ ಹೊತ್ತಿನಲ್ಲಿ, ಊಟದ ಬಿಡುವಿನಲ್ಲಿ ಅವರು ಕಡೆದ ಗಿಲಕಿಗಳು ಸ್ಟೋರಿಗೆ ಬರುವುದಿಲ್ಲ. ಲೇತಿನಿಂದ ನೇರವಾಗಿ ಪ್ಯಾಕಿಂಗ್ ಮೇಜಿಗೆ. ಅಲ್ಲಿ ಟೇಪಕ್ಕ ಇದ್ದಾಳೆ. ಸೊಂಟಕ್ಕೆ ಟೇಪಿನ ಸುರುಳಿ ಸಿಕ್ಕಿಸಿಕೊಂಡು ಓಡಾಡುವುದರಿಂದ ಆ ಹೆಸರು. ಗಿಲಕಿ ಇದ್ದರೆ ಹಾಕುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಮಾಲೀಕರು ಹೊಸ ಸಾಫ್ಟ್‌ವೇರ್ ತಂದರು. ಅದನ್ನು ಕಲಿಸಲು ಒಬ್ಬ ಹುಡುಗಿ ಬಂದಳು. ತಾಳ್ಮೆಯಿದ್ದವಳು, ನನ್ನಂಥವನಿಗೂ ಕಲಿಸಿದಳು ಎಂದರೆ ನೋಡಿ. ಅಕ್ಕನ ಪಾಲಿಗೆ ಬಂದದ್ದು ಕಿಟ್ ಮಾಡುವ ಕೆಲಸ.

"ತೊಟ್ಟಿಲು ಅಂತ ನಿಮ್ಮ ಸ್ಟೋರಲ್ಲಿ ಎಲ್ಲೂ ಇಲ್ಲ, ಅಲ್ವಾ ಅಮ್ಮ? ಇರೋದು ಕಾಲು, ಚೌಕಟ್ಟು, ಬೋಲ್ಟು. ಒಂದು ತೊಟ್ಟಿಲಿಗೆ ಯಾವ್ಯಾವುದು ಎಷ್ಟೆಷ್ಟು ಅಂತ ನೀವು ಒಂದ್ಸಲ ಹೇಳಿಬಿಡಿ. ಅದೇ ಕಿಟ್. ಆಮೇಲೆ ಒಂದು ತೊಟ್ಟಿಲು ಮಾರಿದ್ರೆ ಎಲ್ಲ ಸಾಮಾನೂ ತಾನಾಗೇ ಸ್ಟಾಕಲ್ಲಿ ಕಡಿಮೆ ಆಗುತ್ತೆ. ಎಷ್ಟು ತೊಟ್ಟಿಲು ಕೊಡಬಹುದು ಅಂತಾನೂ ಅದೇ ಹೇಳುತ್ತೆ."

"ಯಾವುದು ಕಡಿಮೆ ಇದೆಯೋ ಅದನ್ನ ನೋಡಿ ಹೇಳುತ್ತೆ ಅನ್ನು," ಎಂದರು ಅಕ್ಕ. "ಹಾಲು ಕೊಡಗಟ್ಟಲೆ ಇದ್ರೂ ಟೀ ಪುಡಿ ಇಲ್ಲದಿದ್ರೆ ಟೀ ಇಲ್ಲ."

"ಅಷ್ಟೇ ಅಮ್ಮ!"

ಅಕ್ಕ ಒಂದು ಪೂರ್ತಿ ಪೆಟ್ಟಿಗೆಯನ್ನು ನೆಲದ ಮೇಲೆ ಬಿಚ್ಚಿಟ್ಟು, ಒಂದೊಂದನ್ನೇ ಕೈಯಲ್ಲಿ ಹಿಡಿದು ಕಂಪ್ಯೂಟರಿಗೆ ಹೇಳತೊಡಗಿದರು. ಕಾಲು, ಪಕ್ಕದ ಚೌಕಟ್ಟು, ತಳದ ಹಲಗೆ, ಬೋಲ್ಟು, ಬೋಲ್ಟು ಬಿಗಿಯುವ ಕೀ, ಹಾಸು ಬಟ್ಟೆ. ಪೆಟ್ಟಿಗೆಯ ಮೂಲೆಯಲ್ಲಿ ಕೊನೆಗೆ ಉಳಿದದ್ದು ಗಿಲಕಿ. ಅದನ್ನು ಒಮ್ಮೆ ಆಡಿಸಿ ನೋಡಿ, ಅದನ್ನೂ ಬರೆದುಬಿಟ್ಟರು. ಬೇರೆ ಯಾವ ಸ್ಟೋರಿನವರೂ ಈ ತಪ್ಪು ಮಾಡುತ್ತಿರಲಿಲ್ಲ. ಪುಕ್ಕಟೆ ಕೊಡುವುದನ್ನು ಯಾರು ಕಿಟ್ಟಿನಲ್ಲಿ ಬರೆಯುತ್ತಾರೆ?

ಮಾರನೆಯ ದಿನ ಹೆರಿಗೆ ಆಸ್ಪತ್ರೆಯಿಂದ ನಲವತ್ತು ತೊಟ್ಟಿಲಿಗೆ ಬೇಡಿಕೆ ಬಂತು. ಸಂಜೆಯೊಳಗೆ ಒಪ್ಪಿಗೆ ಹೇಳದಿದ್ದರೆ ಬೇರೆಯವರಲ್ಲಿ ಕೊಳ್ಳುತ್ತೇವೆ ಎಂದರು. ನಾನು ಹುರುಪಿನಿಂದ ತೊಟ್ಟಿಲು ಎಂದು ಒತ್ತಿದೆ. ಕೊಡಬಹುದಾದದ್ದು: ಸೊನ್ನೆ.

ಸ್ಟೋರಿನ ಕಡೆ ನೋಡಿದೆ. ಚೌಕಟ್ಟುಗಳು ಸೂರು ಮುಟ್ಟುವಂತೆ ಪೇರಿಸಿದ್ದವು. ಮತ್ತೆ ಒತ್ತಿದೆ. ಸೊನ್ನೆ. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಕಂಪ್ಯೂಟರಿನ ಮೌಸನ್ನು ಮೇಜಿಗೆ ಕುಟ್ಟಿದೆ. ಸದ್ದು ಕೇಳಿ ಮಾಲೀಕರು ಬಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವರ ಮುಖದ ಮೇಲೇ ಬರೆದಿತ್ತು. ಹುಡುಗಿ ಓಡಿ ಬಂದು ಕಿಟ್ ತೆರೆದು ನೋಡಿದಳು.

"ಎಲ್ಲ ಇದೆ. ಗಿಲಕಿ ಅನ್ನೋದು ಮಾತ್ರ ಸ್ಟಾಕಲ್ಲಿ ಒಂದೂ ಇಲ್ಲ. ಗಿಲಕಿ ಅಂದ್ರೆ ಯಾವ ಪಾರ್ಟು?"

ಎಲ್ಲರೂ ಲೇತಿನ ಕಡೆ ತಿರುಗಿದೆವು.

"ಅಯ್ಯೋ, ಅದಾ! ತೆಗೆದುಹಾಕಮ್ಮ," ಎಂದರು ಮಾಲೀಕರು.

"ತೆಗೆಯಲ್ಲ ಸರ್," ಎಂದರು ಅಕ್ಕ.

"ಹಾಗಾದ್ರೆ ಎಷ್ಟಿದೆ ಅಂತ ಎಣಿಸಿ ಹಾಕೋಣ. ಸ್ವಾಮಿ, ದಿನಕ್ಕೆ ಎಷ್ಟು ಮಾಡ್ತೀರಿ?" ಮಾಲೀಕರು ಲೇತಿನತ್ತ ಕೂಗಿದರು.

ಭಾವ ಬಂದರು. ಕಿಟ್ಟಿನ ಪಟ್ಟಿಯಲ್ಲಿ ತಮ್ಮ ಗಿಲಕಿ ಹಾಸು ಬಟ್ಟೆಯ ಕೆಳಗೆ ನಿಂತಿರುವುದನ್ನು ನೋಡಿದರು. ಅವರ ಮುಖ ಸಪ್ಪಗಾಯಿತು.

"ಇದನ್ನ ಎಣಿಸ್ತೀರಾ? ಇವತ್ತು ಎಣಿಸ್ತೀರಿ, ನಾಳೆ ಕಡಿಮೆ ಬಿತ್ತು ಅಂತೀರಿ, ನಾಡಿದ್ದು ಯಾಕೆ ಕಡಿಮೆ ಬಿತ್ತು ಅಂತ ಕೇಳ್ತೀರಿ. ನನ್ನ ಖುಷಿಗೆ ಮಾಡೋದು ಸ್ವಾಮಿ ಇದು. ಎಣಿಸೋದಾದ್ರೆ ನಾನು ಮಾಡಲ್ಲ."

ಹೋಗಿ ಲೇತಿನ ಸ್ವಿಚ್ಚು ಆರಿಸಿ, ಸ್ಟೂಲಿನ ಮೇಲೆ ಕೂತುಬಿಟ್ಟರು.

ಅಕ್ಕ ಆಗ ಸ್ಟೋರಿನ ಬಾಗಿಲು ತೆರೆದು ಹೊರಗೆ ಬಂದರು. ಕೆಲಸದ ಹೊತ್ತಿನಲ್ಲಿ ಅವರು ಲೇತಿನ ಹತ್ತಿರ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಮೊನ್ನೆ ಎರಡು ಪೆಟ್ಟಿಗೆ ಗಿಲಕಿ ಇಲ್ಲದೆ ಹೋದವು, ಗೊತ್ತಾ ನಿಮಗೆ? ಯಾರೂ ಕೇಳಲಿಲ್ಲ. ಯಾಕೆ ಅಂದ್ರೆ ಎಲ್ಲೂ ಬರೆದಿಲ್ಲ. ನೀವು ಲೇತ್ ಬಿಟ್ಟ ದಿನ ಗಿಲಕಿನೂ ಹೀಗೇ ಸುಮ್ಮನೆ ಹೊರಟುಹೋಗುತ್ತೆ. ಇತ್ತು ಅನ್ನೋದೂ ಯಾರಿಗೂ ನೆನಪಿರಲ್ಲ. ಅದು ಹೋಗಬಾರದು ಅಂತ ಬರೆದೆ ನಾನು. ನಿಮ್ಮನ್ನ ಲೆಕ್ಕ ಕೇಳೋಕಲ್ಲ."

ಮಾತು ಮುಗಿಯುವಷ್ಟರಲ್ಲಿ ಅವರ ದನಿ ನಡುಗಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮಗೆ ಸಂಜೆಯ ತನಕವೂ ಪುರುಸೊತ್ತಿರಲಿಲ್ಲ.

ಆಗ ನಡುವೆ ಬಾಯಿ ಹಾಕಿದವಳು ಆ ಹುಡುಗಿ. "ಚೌಕಟ್ಟು ಕೂಡಿಸೋಕೆ ಅಂಟು ಹಾಕ್ತೀರಲ್ಲ ಅಮ್ಮ, ಅದನ್ನ ಹನಿ ಹನಿ ಎಣಿಸ್ತೀರಾ?"

"ಇಲ್ಲ."

"ಹಂಗಾದ್ರೆ ಇದಕ್ಕೂ ಅದೇ ದಾರಿ. ಗಿಲಕಿಗೆ ಸ್ಟಾಕ್ ಎಣಿಕೆ ಬೇಡ ಅಂತ ಒಂದು ಗುರುತು ಹಾಕೋಣ. ಕಿಟ್ಟಲ್ಲಿ ಇರುತ್ತೆ, ಪ್ಯಾಕಿಂಗ್ ಚೀಟೀಲೂ ಬರುತ್ತೆ. ಎಷ್ಟಿದೆ ಅಂತ ಮಾತ್ರ ಯಾರೂ ಕೇಳಲ್ಲ."

"ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನು," ಎಂದೆ ನಾನು.

ಮೊದಲು ನಕ್ಕವರು ಭಾವ. ಅವರ ನಗು ಕೇಳಿ ಅಕ್ಕ ಕಣ್ಣೊರೆಸಿಕೊಂಡೇ ನಕ್ಕರು. ಹುಡುಗಿ ಗುರುತು ಹಾಕಿದಳು. ಸೊನ್ನೆಯಿದ್ದ ಜಾಗದಲ್ಲಿ ಐವತ್ತೆರಡು ಬಂದು ಕೂತಿತು. ಮಾಲೀಕರು ಅಲ್ಲೇ ನಿಂತು ಆಸ್ಪತ್ರೆಗೆ ಫೋನು ಮಾಡಿ ಒಪ್ಪಿಕೊಂಡರು. ಎಲ್ಲರಿಗೂ ಟೀ ತರಿಸಿದರು, ಅದೂ ಬಿಸ್ಕತ್ತಿನ ಜೊತೆ. ನಮ್ಮ ಮಾಲೀಕರಿಂದ ಬಿಸ್ಕತ್ತು ಬಂದದ್ದನ್ನು ಇಲ್ಲಿ ಬರೆದಿಡಲೇಬೇಕು.

ಪ್ಯಾಕಿಂಗ್ ಶುರುವಾದಾಗ ಇನ್ನೊಂದು ಮಜ. ಚೀಟಿಯ ಕೊನೆಯ ಸಾಲಿನಲ್ಲಿ "ಗಿಲಕಿ, ಒಂದು" ಎಂದು ಅಚ್ಚಾಗಿತ್ತು. ಮೇಜಿನ ಮೇಲಿದ್ದ ಏಳೆಂಟು ಗಿಲಕಿ ಮುಗಿದ ಕೂಡಲೇ ಟೇಪಕ್ಕ ಕೈಕಟ್ಟಿ ನಿಂತಳು.

"ಚೀಟೀಲಿದೆ, ಪೆಟ್ಟಿಗೇಲಿಲ್ಲ. ನಾನು ಟೇಪ್ ಹಾಕಲ್ಲ."

"ನೋಡಿದ್ಯಾ? ಎಣಿಸಲ್ಲ ಅಂದೋರು ಇವರೇ!" ಎಂದು ಭಾವ ಬೈಯುತ್ತಲೇ ಲೇತಿನ ಸ್ವಿಚ್ಚು ಒತ್ತಿದರು. ಬೈಗುಳಕ್ಕೆ ಖಾರವಿರಲಿಲ್ಲ. ಆಸ್ಪತ್ರೆಯ ಲಾರಿ ಬರುವ ತನಕ ಶಿಳ್ಳೆ ಹಾಕುತ್ತಾ ಕಡೆದರು. ಕೊನೆಯ ಪೆಟ್ಟಿಗೆ ಮುಚ್ಚಿದ ಮೇಲೆ ಟೇಪಕ್ಕನನ್ನು ಕರೆದರು. "ಅಷ್ಟು ಜೋರು ಮಾಡ್ತೀಯಲ್ಲ, ಬಾ ಇಲ್ಲಿ. ಉಳಿ ಹಿಡಿ ನೋಡೋಣ." ಅಂದಿನಿಂದ ಊಟದ ಬಿಡುವಿನಲ್ಲಿ ಪಾಠ ನಡೆಯತೊಡಗಿತು. ಪಾಠ ಎಂದರೆ ಮುಕ್ಕಾಲು ಪಾಲು ಬೈಗುಳ. ಟೇಪಕ್ಕನ ಕೈಯಲ್ಲಿ ಬಳೆ ಬಿಡಿಸುವ ಹೊತ್ತಿಗೆ ಪಟ್ಟೆಂದು ಮುರಿಯುತ್ತಿತ್ತು. ಅವಳು ಮುರಿದದ್ದನ್ನು ಒಲೆಗೆ ಹಾಕಿ ಇನ್ನೊಂದು ತುಂಡು ಸಿಕ್ಕಿಸುತ್ತಿದ್ದಳು.

ಕೆಲವು ತಿಂಗಳು ಕಳೆದವು. ಒಂದು ದಿನ ಅಕ್ಕ ಸ್ಕೂಟರಿನಲ್ಲಿ ಒಬ್ಬರೇ ಬಂದರು. ಭಾವನಿಗೆ ಜ್ವರ. ಮಗಳು ರಜೆ ಹಾಕಿ ಅಪ್ಪನ ಕಾವಲಿಗೆ ಕೂತಿದ್ದಳು, ಇಲ್ಲದಿದ್ದರೆ ಎದ್ದು ಬಂದೇಬಿಡುತ್ತಿದ್ದರಂತೆ. ಅದೇ ದಿನ ಮಧ್ಯಾಹ್ನ ಒಬ್ಬ ಯುವಕ ಓಡೋಡಿ ಬಂದ. ಹೆಂಡತಿಗೆ ಎಣಿಸಿದ್ದಕ್ಕಿಂತ ಮೊದಲೇ ಹೆರಿಗೆಯಾಗಿದೆ, ಮನೆಯಲ್ಲಿ ತೊಟ್ಟಿಲಿಲ್ಲ, ಈಗಲೇ ಬೇಕು. ಅವನ ಅಂಗಿಯ ಗುಂಡಿಗಳು ಮೇಲೆ ಕೆಳಗೆ ಆಗಿದ್ದವು. ನಾನು ಬಿಲ್ಲು ಮಾಡಿದೆ, ಚೀಟಿ ಬಂತು. ಕೊನೆಯ ಸಾಲು: ಗಿಲಕಿ, ಒಂದು. ಮೇಜಿನ ಮೇಲೆ ಒಂದೂ ಇರಲಿಲ್ಲ.

ಮೊದಲಾಗಿದ್ದರೆ ಹಾಗೇ ಕಳಿಸುತ್ತಿದ್ದೆವು. ಟೇಪಕ್ಕ ಚೀಟಿ ಓದಿದಳು, ಅಕ್ಕನ ಮುಖ ನೋಡಿದಳು, ಸೊಂಟದ ಟೇಪು ಬಿಚ್ಚಿ ನನ್ನ ಮೇಜಿನ ಮೇಲಿಟ್ಟು ಲೇತಿನ ಕಡೆ ನಡೆದಳು.

ಮೊದಲನೆಯದು ಮುರಿಯಿತು. ಆ ಯುವಕ ಗಡಿಯಾರ ನೋಡಿದ. ಎರಡನೆಯದೂ ಮುರಿಯಿತು. ಅಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಮೂರನೆಯದರಲ್ಲಿ ಬಳೆಗಳು ಬಿಡಿಸಿಕೊಂಡು ಟಕ್ ಎಂದು ಹಿಡಿಯ ಮೇಲೆ ಬಿದ್ದವು. ನಾನು ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದೆ. ಅದಕ್ಕೆ ನನಗೆ ನಾಚಿಕೆಯೇನಿಲ್ಲ.

ಅಕ್ಕ ಗಿಲಕಿಯನ್ನು ಕೈಗೆ ತೆಗೆದುಕೊಂಡರು. ಮನೆಗೆ ಫೋನು ಮಾಡಿ, ಏನೂ ಹೇಳದೆ, ಫೋನಿನ ಹತ್ತಿರ ಅದನ್ನು ಆಡಿಸಿದರು.

ಆ ಕಡೆಯಿಂದ ಜ್ವರಕ್ಕೆ ಒಡೆದ ಭಾವನ ದನಿ ನಮಗೂ ಕೇಳಿಸಿತು.

"ಇದು ನಂದಲ್ಲ."

"ಅಲ್ಲ," ಎಂದರು ಅಕ್ಕ.

"ಬಳೆ ಒಂಚೂರು ದಪ್ಪ ಆಗಿದೆ. ಉಳಿ ಇನ್ನೂ ವಾರೆ ಹಿಡಿಬೇಕು ಅಂತ ಹೇಳು ಅವಳಿಗೆ." ಒಮ್ಮೆ ಕೆಮ್ಮಿದರು. "ಏ, ಕೇಳಿಸ್ತಾ ಕಣೇ? ಇನ್ನೊಂದ್ಸಲ ಆಡಿಸು."

ಕೆಲಸದ ಹೊತ್ತಿನಲ್ಲಿ ಕಣೇ ಎಂದದ್ದಕ್ಕೆ ಅಕ್ಕ ಏನೂ ಅನ್ನಲಿಲ್ಲ. ಇನ್ನೊಮ್ಮೆ ಆಡಿಸಿದರು. ಹೊಸ ಅಪ್ಪ ಪಕ್ಕದಲ್ಲಿ ನಿಂತು, ಅವಸರವನ್ನೆಲ್ಲ ಮರೆತು, ಬಾಯಿ ತುಂಬ ನಗುತ್ತಿದ್ದ.